ನೇರ ಓಟದ ಕಾರಿಗೆ ತಿರುವಿನ ಪಾಠ

ಘಾಟಿ ರಸ್ತೆಯ ತಿರುವಿನಲ್ಲಿ ಬಸ್ಸು ಎಡಕ್ಕೆ ಹೊರಳಿದಾಗ ನಿಮ್ಮ ಮೈ ಬಲಕ್ಕೆ ವಾಲುವುದನ್ನು ನೀವು ಅನುಭವಿಸಿದ್ದೀರಿ. ಬಸ್ಸಿನ ಮೈಯೂ ಬಲಕ್ಕೆ ವಾಲುತ್ತದೆ. ಬಲಬದಿಯ ಸ್ಪ್ರಿಂಗುಗಳು ಕುಗ್ಗುತ್ತವೆ, ಎಡಬದಿಯವು ಹಿಗ್ಗುತ್ತವೆ. ಆ ಕ್ಷಣದಲ್ಲಿ ಬಸ್ಸನ್ನು ರಸ್ತೆಯ ಮೇಲೆ ಹಿಡಿದಿಟ್ಟಿರುವುದು ಟೈರು ಮತ್ತು ರಸ್ತೆಯ ನಡುವಣ ಘರ್ಷಣೆ ಮಾತ್ರ. ಎಂಜಿನ್ನಿನ ಶಕ್ತಿ ಎಷ್ಟೇ ಇದ್ದರೂ ಅಲ್ಲಿ ಅದು ನೆರವಿಗೆ ಬರುವುದಿಲ್ಲ.

ಈ ಸರಳ ಸಂಗತಿಯ ಮೇಲೆ ಅಮೆರಿಕದಲ್ಲಿ ಒಂದು ಕ್ರೀಡೆಯೇ ನಿಂತಿದೆ. ಅದರ ಹೆಸರು ಆಟೋಕ್ರಾಸ್. ಅದರಲ್ಲಿ ಭಾಗವಹಿಸಲು ಅಲ್ಲಿನ ಹವ್ಯಾಸಿಗಳು 1960ರ ದಶಕದ ಹಳೆಯ ‘ಮಸಲ್ ಕಾರು’ಗಳನ್ನು ಬಿಚ್ಚಿ, ಮತ್ತೆ ಜೋಡಿಸಿ ಸಿದ್ಧಪಡಿಸುತ್ತಾರೆ. ನೇರ ರಸ್ತೆಯಲ್ಲಿ ಚಿಮ್ಮಲೆಂದು ಹುಟ್ಟಿದ ಕಾರಿಗೆ ತಿರುಗುವುದನ್ನು ಕಲಿಸುವ ಕೆಲಸ ಇದು. ಹೇಗೆ ಮಾಡುತ್ತಾರೆ? ಯಾವುದನ್ನು ಮೊದಲು ಬದಲಿಸುತ್ತಾರೆ? ಹಣವನ್ನೆಲ್ಲ ಎಂಜಿನ್ನಿಗೇ ಸುರಿದವರು ಏಕೆ ಸೋಲುತ್ತಾರೆ? ಪ್ರೌಢಶಾಲೆಯ ಭೌತಶಾಸ್ತ್ರದಿಂದಲೇ ಇವಕ್ಕೆ ಉತ್ತರ ಕಂಡುಕೊಳ್ಳಬಹುದು.

ಏನಿದು ಮಸಲ್ ಕಾರು?

‘ಮಸಲ್’ ಎಂದರೆ ಮಾಂಸಖಂಡ. ಮಧ್ಯಮ ಗಾತ್ರದ, ಸಾಧಾರಣ ಬೆಲೆಯ ಕಾರಿನೊಳಗೆ ದೊಡ್ಡ ಕಾರಿನ ವಿ-8 ಎಂಜಿನ್ ಕೂರಿಸಿದರೆ ಅದು ಮಸಲ್ ಕಾರು. 1964ರಲ್ಲಿ ಪಾಂಟಿಯಾಕ್ ಕಂಪನಿ ತಂದ ಜಿಟಿಒ ಮಾದರಿಯಿಂದ ಈ ಪರಂಪರೆ ಆರಂಭವಾಯಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಅದರ ಎಂಜಿನ್ 389 ಘನ ಅಂಗುಲ, ಅಂದರೆ ಸುಮಾರು 6.4 ಲೀಟರಿನದು; ಶಕ್ತಿ 325 ಅಶ್ವಶಕ್ತಿ. ಅದೇ ವರ್ಷ ಏಪ್ರಿಲ್ 17ರಂದು ಫೋರ್ಡ್ ಕಂಪನಿ ಮಸ್ಟಾಂಗ್ ಕಾರನ್ನು ಬಿಡುಗಡೆ ಮಾಡಿತು. ಗಾತ್ರದಲ್ಲಿ ಚಿಕ್ಕದಾದ ಮಸ್ಟಾಂಗನ್ನು ಕಟ್ಟುನಿಟ್ಟಾಗಿ ‘ಪೋನಿ ಕಾರು’ ಎಂಬ ಬೇರೆ ಗುಂಪಿಗೆ ಸೇರಿಸುವವರಿದ್ದಾರೆ. ಆದರೂ ವಿ-8 ಎಂಜಿನ್ನಿನ ಮಸ್ಟಾಂಗ್ ಇಂದು ಹಳೆಯ ಮಸಲ್ ಕಾರುಗಳ ಸಾಲಿನಲ್ಲೇ ಓಡುತ್ತದೆ. ಈ ಲೇಖನದಲ್ಲಿ 1965-66ರ ಮಸ್ಟಾಂಗನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಈ ಕಾರುಗಳ ಅಳತೆಗೋಲು ಕಾಲು ಮೈಲಿ, ಅಂದರೆ ಸುಮಾರು 402 ಮೀಟರ್ ನೇರ ಓಟ. ಅದಕ್ಕೆ ಬೇಕಾದದ್ದು ಶಕ್ತಿ. ಭಾರವಾದ ಬೀಡು ಕಬ್ಬಿಣದ ಎಂಜಿನ್ ಮುಂದೆ, ಕಮಾನುಪಟ್ಟಿಗಳ ಮೇಲೆ ಕುಳಿತ ಇಡಿಯಾದ ಆಕ್ಸಲ್ ಹಿಂದೆ, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ನಿಧಾನವಾಗಿ ತಿರುಗುವ ಸ್ಟಿಯರಿಂಗ್, ಮೆತ್ತನೆಯ ಸ್ಪ್ರಿಂಗು, ಕಿರಿದಾದ ಟೈರು: ಅಂದಿನ ಸಾಮಾನ್ಯ ಕೊಳ್ಳುಗನಿಗೆ ಇಷ್ಟು ಸಾಕಾಗಿತ್ತು.

ಆಟೋಕ್ರಾಸ್‌ನ ಅಂಗಳ

ವಿಶಾಲವಾದ ಪಾರ್ಕಿಂಗ್ ಮೈದಾನ ಅಥವಾ ಹಳೆಯ ವಿಮಾನ ನಿಲ್ದಾಣದ ಡಾಂಬರು, ಕಾಂಕ್ರೀಟು ನೆಲ. ಅದರ ಮೇಲೆ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಶಂಕುಗಳನ್ನಿಟ್ಟು ಅಂಕುಡೊಂಕಿನ ದಾರಿ ಗುರುತಿಸುತ್ತಾರೆ. ಚಾಲಕ ಆ ದಾರಿಯಲ್ಲಿ ಕಾರನ್ನು ಆದಷ್ಟು ಬೇಗ ಓಡಿಸಬೇಕು. ಪಕ್ಕದಲ್ಲಿ ಜಿದ್ದಿಗೆ ಬಿದ್ದ ಇನ್ನೊಂದು ಕಾರು ಇರುವುದಿಲ್ಲ, ಸ್ಪರ್ಧೆ ಗಡಿಯಾರದೊಂದಿಗೆ. ಒಂದು ಓಟ ಸಾಮಾನ್ಯವಾಗಿ ಒಂದು ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ. ವೇಗವೂ ಹೆದ್ದಾರಿಯಲ್ಲಿ ನಾವು ಕಾಣುವ ವೇಗದ ಮಿತಿಯೊಳಗೇ ಇರುತ್ತದೆ. 1944ರಲ್ಲಿ ಸ್ಥಾಪನೆಯಾದ ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ ಈ ಕ್ರೀಡೆಯನ್ನು ‘ಸೋಲೋ’ ಎಂಬ ಹೆಸರಿನಲ್ಲಿ ನಡೆಸುತ್ತದೆ. ಅದರ ನಿಯಮದಂತೆ ಒಂದು ಶಂಕು ಉರುಳಿದರೆ 2 ಸೆಕೆಂಡು ದಂಡ. ಹಳೆಯ ಅಮೆರಿಕನ್ ಕಾರುಗಳನ್ನು ಮಾರ್ಪಡಿಸಿ ಓಡಿಸುವವರಿಗಾಗಿ ‘ಕ್ಲಾಸಿಕ್ ಅಮೆರಿಕನ್ ಮಸಲ್’ ಎಂಬ ವರ್ಗವೂ ಉಂಟು. ಆಟೋಕ್ರಾಸ್ ಎಂಬ ಹೆಸರಿನಲ್ಲಿ ಬ್ರಿಟನ್ನಿನಲ್ಲಿ ಹುಲ್ಲು, ಮಣ್ಣಿನ ಮೇಲೂ ಸ್ಪರ್ಧೆಗಳು ನಡೆಯುತ್ತವೆ. ನಾವಿಲ್ಲಿ ನೋಡುತ್ತಿರುವುದು ಅಮೆರಿಕದ ಗಟ್ಟಿ ನೆಲದ ಬಗೆ.

ಎಂಜಿನ್ನೋ, ಟೈರೋ?

ಈಗ ಒಂದು ಲೆಕ್ಕ ಮಾಡೋಣ. 15 ಮೀಟರ್ ತ್ರಿಜ್ಯದ ಅರ್ಧವೃತ್ತಾಕಾರದ ತಿರುವು ಇದೆ ಎಂದುಕೊಳ್ಳಿ. ವೃತ್ತದಲ್ಲಿ ಚಲಿಸುವ ವಸ್ತುವಿನ ಕೇಂದ್ರಾಭಿಮುಖ ವೇಗೋತ್ಕರ್ಷ ಎಂದರೆ ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದಷ್ಟು. ಇಷ್ಟು ವೇಗೋತ್ಕರ್ಷ ಕೊಡಬೇಕಾದದ್ದು ಟೈರುಗಳು.

ಹಳೆಯ ಸಜ್ಜಿನ ಕಾರು ಗುರುತ್ವ ವೇಗೋತ್ಕರ್ಷದ 0.75ರಷ್ಟನ್ನು ತಾಳಬಲ್ಲದು ಎಂದಿಟ್ಟುಕೊಂಡರೆ ಆ ತಿರುವಿನಲ್ಲಿ ಅದರ ಗರಿಷ್ಠ ವೇಗ ಸೆಕೆಂಡಿಗೆ 10.5 ಮೀಟರ್, ಅಂದರೆ ಗಂಟೆಗೆ ಸುಮಾರು 38 ಕಿ.ಮೀ. ತಿರುವಿನ ಉದ್ದ 47 ಮೀಟರ್. ಅದನ್ನು ದಾಟಲು 4.5 ಸೆಕೆಂಡು ಬೇಕು. ಹೊಸ ಟೈರು ಮತ್ತು ಸರಿಪಡಿಸಿದ ಸಸ್ಪೆನ್ಷನ್ ಇರುವ ಕಾರು 1.05ರಷ್ಟನ್ನು ತಾಳಿದರೆ ವೇಗ ಗಂಟೆಗೆ ಸುಮಾರು 45 ಕಿ.ಮೀ.ಗೆ ಏರುತ್ತದೆ, ಹಿಡಿಯುವ ಕಾಲ 3.8 ಸೆಕೆಂಡು. ಒಂದೇ ತಿರುವಿನಲ್ಲಿ 0.7 ಸೆಕೆಂಡಿನ ಉಳಿತಾಯ.

ಇನ್ನು ಎಂಜಿನ್ನಿನ ಕಡೆ ನೋಡಿ. ಎರಡು ತಿರುವುಗಳ ನಡುವೆ 40 ಮೀಟರ್ ನೇರ ದಾರಿ ಇದೆ. ಸೆಕೆಂಡಿಗೆ 10.5 ಮೀಟರ್ ವೇಗದಲ್ಲಿ ಅದನ್ನು ಪ್ರವೇಶಿಸಿದ ಕಾರು 4 ಮೀ/ಸೆ² ವೇಗೋತ್ಕರ್ಷದಿಂದ ಓಡಿದರೆ 2.56 ಸೆಕೆಂಡಿನಲ್ಲಿ ದಾಟುತ್ತದೆ. ಎಂಜಿನ್ನಿನ ಶಕ್ತಿ ಹೆಚ್ಚಿಸಿ ವೇಗೋತ್ಕರ್ಷವನ್ನು 5 ಮೀ/ಸೆ² ಮಾಡಿದರೆ? 2.42 ಸೆಕೆಂಡು. ಶೇಕಡಾ 25ರಷ್ಟು ಹೆಚ್ಚು ಎಳೆತಕ್ಕೆ ಸಿಕ್ಕ ಫಲ 0.14 ಸೆಕೆಂಡು ಮಾತ್ರ. ಅದರಲ್ಲೂ ಒಂದಿಷ್ಟನ್ನು ಮುಂದಿನ ತಿರುವಿಗೆ ಬ್ರೇಕ್ ಹಾಕುವಾಗ ಕಳೆದುಕೊಳ್ಳಬೇಕು.

ಹೀಗೆ ಉತ್ತರ ಲೆಕ್ಕದಿಂದಲೇ ಸಿಕ್ಕಿತು. ಆಟೋಕ್ರಾಸ್ ಕಾರಿನ ನಿರ್ಮಾಣ ಆರಂಭವಾಗಬೇಕಾದದ್ದು ನೆಲದಿಂದ, ಟೈರಿನಿಂದ.

ನಾಲ್ಕು ಅಂಗೈಗಳು

ಚಾಲಕನೂ ಸೇರಿ 1,400 ಕಿಲೋಗ್ರಾಂ ತೂಗುವ ಕಾರಿನಲ್ಲಿ ಪ್ರತಿ ಟೈರಿನ ಮೇಲೆ ಸರಾಸರಿ 350 ಕಿಲೋಗ್ರಾಂ ಭಾರ ಬೀಳುತ್ತದೆ. ಟೈರಿನ ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ 2 ಕಿಲೋಗ್ರಾಂ ಇದ್ದರೆ ನೆಲಕ್ಕೆ ತಾಗುವ ಭಾಗ ಸ್ಥೂಲವಾಗಿ 175 ಚದರ ಸೆಂಟಿಮೀಟರ್. ನಿಮ್ಮ ಅಂಗೈಯನ್ನು ಬೆರಳುಸಹಿತ ಮೇಜಿನ ಮೇಲೆ ಊರಿದಷ್ಟು ಜಾಗ! ನಾಲ್ಕೂ ಟೈರುಗಳದ್ದು ಕೂಡಿಸಿದರೂ ಒಂದು ಫುಲ್‌ಸ್ಕೇಪ್ ಹಾಳೆಯಷ್ಟು ಮಾತ್ರ. ಕಾರು ಚಿಮ್ಮುವುದು, ನಿಲ್ಲುವುದು, ತಿರುಗುವುದು ಎಲ್ಲವೂ ಈ ಒಂದು ಹಾಳೆಯ ಮೂಲಕವೇ ಆಗಬೇಕು.

1965ರ ಮಸ್ಟಾಂಗ್ ಸುಮಾರು 17-18 ಸೆಂ.ಮೀ. ಅಗಲದ ಬಯಾಸ್ ಪ್ಲೈ ಟೈರುಗಳ ಮೇಲೆ ಓಡುತ್ತಿತ್ತು. ಅವುಗಳಲ್ಲಿ ಎಳೆಗಳು ಓರೆಯಾಗಿ ಒಂದರ ಮೇಲೊಂದು ಹಾಯುತ್ತವೆ. ಬದಿಗೋಡೆ ಬಾಗಿದಾಗ ನೆಲಕ್ಕೆ ತಾಗಿದ ಭಾಗವೂ ಅದರೊಡನೆ ತಿರುಚಿಕೊಳ್ಳುತ್ತದೆ. ರೇಡಿಯಲ್ ಟೈರಿನಲ್ಲಿ ಬದಿಗೋಡೆಯ ಎಳೆಗಳು ಅಂಚಿನಿಂದ ಅಂಚಿಗೆ ನೇರವಾಗಿರುತ್ತವೆ. ಅವುಗಳ ಮೇಲೆ ಉಕ್ಕಿನ ಎಳೆಗಳ ಪಟ್ಟಿಯೊಂದು ಸುತ್ತಿರುತ್ತದೆ. ಬದಿಗೋಡೆ ಬಾಗಿದರೂ ನೆಲಕ್ಕೆ ತಾಗುವ ಭಾಗ ಮಟ್ಟಸವಾಗಿ ಉಳಿಯುತ್ತದೆ.

ಅಗಲವಾದ ಟೈರು ಹಾಕಿದರೂ ಭಾರ ಮತ್ತು ಗಾಳಿಯ ಒತ್ತಡ ಅಷ್ಟೇ ಇದ್ದರೆ ತಾಗುವ ವಿಸ್ತೀರ್ಣವೂ ಹೆಚ್ಚುಕಡಿಮೆ ಅಷ್ಟೇ ಇರಬೇಕಲ್ಲವೇ ಎಂದು ನೀವು ಕೇಳಬಹುದು. ಪ್ರಶ್ನೆ ಸರಿಯಾಗಿದೆ. ಅಗಲ ಟೈರಿನ ಲಾಭ ಇರುವುದು ಆಕಾರದಲ್ಲಿ. ತಾಗುವ ಭಾಗ ಉದ್ದ ಕಡಿಮೆಯಾಗಿ ಅಡ್ಡಕ್ಕೆ ಹರಡುವುದರಿಂದ ಅಡ್ಡಬಲಕ್ಕೆ ಬೇಗ ಸ್ಪಂದಿಸುತ್ತದೆ. ರಬ್ಬರಿನ ಕಾವು ಹೆಚ್ಚು ಜಾಗಕ್ಕೆ ಹಂಚಿಹೋಗುತ್ತದೆ. ಮೆತ್ತನೆಯ ರಬ್ಬರು ಬಳಸಲೂ ಅನುಕೂಲವಾಗುತ್ತದೆ. ಅತಿ ಮೆತ್ತನೆಯ ರಬ್ಬರಿನಿಂದ ಸ್ಪರ್ಧೆ ಏಕಪಕ್ಷೀಯವಾಗದಂತೆ ಮೇಲೆ ಹೇಳಿದ ವರ್ಗದಲ್ಲಿ ಸವಕಳಿ ಸಂಖ್ಯೆ 200 ಅಥವಾ ಅದಕ್ಕಿಂತ ಹೆಚ್ಚಿರುವ ರಸ್ತೆ ಟೈರುಗಳಿಗೆ ಮಾತ್ರ ಅವಕಾಶ. 100 ಸಂಖ್ಯೆಯ ಮಾದರಿ ಟೈರಿಗೆ ಹೋಲಿಸಿ ನಡೆಸುವ ಪರೀಕ್ಷೆಯಲ್ಲಿ ಎರಡರಷ್ಟು ಬಾಳಿದ ಟೈರಿಗೆ 200 ಎಂಬ ಸಂಖ್ಯೆ ಸಲ್ಲುತ್ತದೆ.

ನೀವೇ ಮಾಡಿ ನೋಡಿ

ಪಠ್ಯಪುಸ್ತಕದಲ್ಲಿ ಘರ್ಷಣೆ ಭಾರಕ್ಕೆ ಅನುಲೋಮವಾಗಿರುತ್ತದೆ ಎಂದು ಓದಿದ್ದೀರಿ. ಭಾರ ಇಮ್ಮಡಿಯಾದರೆ ಘರ್ಷಣೆಯೂ ಇಮ್ಮಡಿ. ಆದರೆ ರಬ್ಬರು ಈ ನಿಯಮವನ್ನು ಪೂರ್ತಿ ಪಾಲಿಸುವುದಿಲ್ಲ. ಪೆನ್ಸಿಲ್ ಅಳಿಸುವ ರಬ್ಬರಿನ ತುಂಡಿಗೆ ದಾರ ಕಟ್ಟಿ ಸ್ಪ್ರಿಂಗ್ ತಕ್ಕಡಿಯಿಂದ ನಯವಾದ ಮೇಜಿನ ಮೇಲೆ ಎಳೆಯಿರಿ. ಅದರ ಮೇಲೆ 100, 200, 400, 800 ಗ್ರಾಂ ತೂಕದ ಬಟ್ಟುಗಳನ್ನು ಒಂದಾದ ಮೇಲೊಂದರಂತೆ ಇಟ್ಟು, ಎಳೆಯಲು ಬೇಕಾದ ಬಲವನ್ನು ಬರೆದುಕೊಳ್ಳಿ. ಬಲವನ್ನು ಭಾರದಿಂದ ಭಾಗಿಸಿದರೆ ಘರ್ಷಣಾ ಗುಣಾಂಕ ದೊರೆಯುತ್ತದೆ. ಭಾರ ಹೆಚ್ಚಿದಂತೆ ಈ ಗುಣಾಂಕ ಸ್ವಲ್ಪ ಸ್ವಲ್ಪವೇ ಇಳಿಯುವುದು ಸಾಮಾನ್ಯವಾಗಿ ಕಂಡುಬರುತ್ತದೆ.

ಈ ಚಿಕ್ಕ ಇಳಿಕೆಯೇ ಆಟೋಕ್ರಾಸ್ ಕಾರು ಕಟ್ಟುವವರ ತಲೆನೋವಿನ ಮೂಲ. ಕಾರಿನ ಮುಂದಿನ ಎರಡು ಟೈರುಗಳ ಮೇಲೆ ತಲಾ 350 ಕಿಲೋಗ್ರಾಂ ಇದ್ದು, ಆ ಭಾರದಲ್ಲಿ ಗುಣಾಂಕ 1 ಎಂದುಕೊಳ್ಳಿ. ಒಟ್ಟು ಹಿಡಿತ 700 ಕಿಲೋಗ್ರಾಂ. ತಿರುವಿನಲ್ಲಿ ಭಾರ ಒಂದರ ಮೇಲೆ 575, ಇನ್ನೊಂದರ ಮೇಲೆ 125 ಆಯಿತೆನ್ನಿ. ಭಾರ ಹೆಚ್ಚಿದ ಟೈರಿನ ಗುಣಾಂಕ 0.92ಕ್ಕೆ ಇಳಿದು, ಹಗುರಾದದ್ದು 1.06ಕ್ಕೆ ಏರಿತೆಂದರೆ ಹಿಡಿತ 529 ಮತ್ತು 132, ಒಟ್ಟು 661. ಭಾರದ ಮೊತ್ತ ಬದಲಾಗಿಲ್ಲ. ಆದರೂ ಹಿಡಿತದಲ್ಲಿ ಸುಮಾರು 39 ಕಿಲೋಗ್ರಾಂ ಮಾಯವಾಯಿತು! ಭಾರ ಸಮನಾಗಿ ಹಂಚಿದ್ದಷ್ಟೂ ಹಿಡಿತ ಹೆಚ್ಚು. ಕಾರು ಸಿದ್ಧಪಡಿಸುವಾಗ ಮಾಡುವ ಬಹುತೇಕ ಬದಲಾವಣೆಗಳ ಹಿಂದೆ ಈ ತತ್ತ್ವವೇ ಇದೆ.

ಭಾರದ ಓಡಾಟ

ತಿರುವಿನಲ್ಲಿ ಒಳಬದಿಯಿಂದ ಹೊರಬದಿಗೆ ಎಷ್ಟು ಭಾರ ಸಾಗುತ್ತದೆ ಎಂಬುದನ್ನು ನಾಲ್ಕು ಅಂಶಗಳು ನಿರ್ಧರಿಸುತ್ತವೆ: ಕಾರಿನ ತೂಕ, ಅಡ್ಡ ವೇಗೋತ್ಕರ್ಷ, ಗುರುತ್ವ ಕೇಂದ್ರದ ಎತ್ತರ ಮತ್ತು ಎಡಬಲ ಚಕ್ರಗಳ ನಡುವಣ ಅಂತರ. ಮೊದಲ ಮೂರನ್ನು ಗುಣಿಸಿ ನಾಲ್ಕನೆಯದರಿಂದ ಭಾಗಿಸಬೇಕು. ತೂಕ 1,400 ಕಿಲೋಗ್ರಾಂ, ಅಡ್ಡ ವೇಗೋತ್ಕರ್ಷ ಗುರುತ್ವದ 0.9, ಗುರುತ್ವ ಕೇಂದ್ರದ ಎತ್ತರ 0.5 ಮೀಟರ್, ಚಕ್ರಗಳ ಅಂತರ 1.4 ಮೀಟರ್ ಎಂದಾದರೆ ಉತ್ತರ 450 ಕಿಲೋಗ್ರಾಂ. ಎರಡೂ ಬದಿಗೆ 700 ಕಿಲೋಗ್ರಾಂ ಇದ್ದದ್ದು ಹೊರಬದಿಗೆ 1,150, ಒಳಬದಿಗೆ 250 ಆಗುತ್ತದೆ.

ಗಮನಿಸಿ, ಈ ಸೂತ್ರದಲ್ಲಿ ಸ್ಪ್ರಿಂಗಿನ ಗಡಸುತನದ ಪ್ರಸ್ತಾಪವೇ ಇಲ್ಲ. ಗಡುಸಾದ ಸ್ಪ್ರಿಂಗು ಹಾಕಿದರೆ ಭಾರ ಸಾಗುವುದು ನಿಲ್ಲುತ್ತದೆ ಎಂಬುದು ಅನೇಕರ ತಪ್ಪು ತಿಳಿವಳಿಕೆ. ಅದರಿಂದ ಮೈ ವಾಲುವುದು ಕಡಿಮೆಯಾಗುತ್ತದೆ, ಅಷ್ಟೇ. ಭಾರದ ಓಡಾಟ ತಗ್ಗಬೇಕಾದರೆ ಕಾರನ್ನು ಹಗುರ ಮಾಡಬೇಕು, ತಗ್ಗಿಸಬೇಕು ಅಥವಾ ಚಕ್ರಗಳನ್ನು ದೂರ ಸರಿಸಬೇಕು. ಗುರುತ್ವ ಕೇಂದ್ರವನ್ನು ಬರೀ 4 ಸೆಂ.ಮೀ. ಕೆಳಗಿಳಿಸಿದರೂ ಮೇಲಿನ ಲೆಕ್ಕದಲ್ಲಿ 450 ಇದ್ದದ್ದು 414 ಆಗುತ್ತದೆ.

ಮುಂದೆ ಹಿಂದೆ ಕೂಡ ಭಾರ ಹಂಚಬೇಕು. ವಿ-8 ಎಂಜಿನ್ನಿನಿಂದಾಗಿ ಈ ಕಾರಿನ ಮೂಗು ಭಾರ. ತಿರುವಿನಲ್ಲಿ ಮುಂದಿನ ಟೈರುಗಳು ಮೊದಲು ಸೋಲುತ್ತವೆ. ಸ್ಟಿಯರಿಂಗ್ ತಿರುಗಿಸಿದರೂ ಕಾರು ನೇರಕ್ಕೆ ಜಾರುತ್ತದೆ. ಇದಕ್ಕೆ ಅಂಡರ್‌ಸ್ಟಿಯರ್ ಎನ್ನುತ್ತಾರೆ. ಎಂಜಿನ್ನಿನ ಬೀಡು ಕಬ್ಬಿಣದ ತಲೆಭಾಗಗಳ ಬದಲು ಅಲ್ಯುಮಿನಿಯಂನವನ್ನು ಹಾಕುವುದು, ಬ್ಯಾಟರಿಯನ್ನು ಹಿಂದಿನ ಡಿಕ್ಕಿಗೆ ಸಾಗಿಸುವುದು ಈ ಕಾರಣಕ್ಕಾಗಿ. ಅಲ್ಯುಮಿನಿಯಂ ಭಾಗಗಳು ಶಕ್ತಿಗಿಂತ ಮೊದಲು ತೂಕದ ಲೆಕ್ಕದಲ್ಲಿ ಇಲ್ಲಿ ಬೆಲೆಬಾಳುತ್ತವೆ.

ಒಂದು ಅಂಗುಲದ ಕಥೆ

ಮಸ್ಟಾಂಗಿಗೆ ತಿರುಗುವುದನ್ನು ಕಲಿಸುವ ಕೆಲಸ ಹೊಸದಲ್ಲ. 1965ರಲ್ಲೇ ಕ್ಯಾಲಿಫೋರ್ನಿಯಾದ ಕ್ಯಾರೊಲ್ ಶೆಲ್ಬಿ ಅವರ ಕಂಪನಿ ಇದನ್ನು ಮಾಡಿ ‘ಜಿಟಿ350’ ಎಂಬ ಮಾದರಿಯನ್ನು ಹೊರತಂದಿತು. ಪರೀಕ್ಷಾ ಚಾಲಕ ಕೆನ್ ಮೈಲ್ಸ್ ಅದರ ಬೆಳವಣಿಗೆಯಲ್ಲಿ ದುಡಿದರು. ಫೋರ್ಡ್‌ನ 289 ಘನ ಅಂಗುಲದ ಎಂಜಿನ್ನಿನ ಶಕ್ತಿಯನ್ನು ಅವರು 271ರಿಂದ 306 ಅಶ್ವಶಕ್ತಿಗೆ ಏರಿಸಿದರು. ಇದು ಶೇಕಡಾ 13ರಷ್ಟು ಏರಿಕೆ ಮಾತ್ರ. ಉಳಿದ ಶ್ರಮವೆಲ್ಲ ಕೆಳಗಡೆ ನಡೆಯಿತು. ಅವುಗಳಲ್ಲಿ ಮುಖ್ಯವಾದದ್ದು ಒಂದು ಅಂಗುಲದ ಬದಲಾವಣೆ.

ಮಸ್ಟಾಂಗಿನ ಮುಂದಿನ ಪ್ರತಿ ಚಕ್ರವನ್ನು ಮೇಲೊಂದು, ಕೆಳಗೊಂದು ತೋಳು ಹಿಡಿದಿರುತ್ತವೆ. ತಿರುವಿನಲ್ಲಿ ಮೈ 4 ಡಿಗ್ರಿ ಹೊರಕ್ಕೆ ವಾಲಿತೆನ್ನಿ. ತೋಳುಗಳು ಚಕ್ರವನ್ನು ನೆಟ್ಟಗೆ ಮಾಡದಿದ್ದರೆ ಚಕ್ರವೂ ಮೈಯೊಡನೆ ಹೊರಕ್ಕೆ ವಾಲುತ್ತದೆ. ಆಗ ಟೈರು ತನ್ನ ಹೊರ ಅಂಚಿನ ಮೇಲೆ ನಿಲ್ಲುತ್ತದೆ. ಅಂಗೈಯಷ್ಟಿದ್ದ ಸ್ಪರ್ಶದಲ್ಲಿ ಉಪಯೋಗಕ್ಕೆ ಬರುವುದು ಎರಡು ಬೆರಳಿನಷ್ಟು. ಅತಿ ಹೆಚ್ಚು ಭಾರ ಹೊತ್ತ ಟೈರಿಗೇ ಈ ಗತಿ!

ಮೇಲಿನ ತೋಳಿನ ಒಳತುದಿಯನ್ನು ಒಂದು ಅಂಗುಲ, ಅಂದರೆ 25 ಮಿಲಿಮೀಟರ್ ಕೆಳಗಿಳಿಸಿದರೆ ಏನಾಗುತ್ತದೆ? ತೋಳು ಒಳಕ್ಕೆ ಇಳಿಜಾರಾಗುತ್ತದೆ. ಸ್ಪ್ರಿಂಗು ಕುಗ್ಗಿ ಚಕ್ರ ಮೇಲೇರಿದಾಗ ತೋಳಿನ ಹೊರತುದಿ ಕಂಸದಲ್ಲಿ ಚಲಿಸುತ್ತ ಚಕ್ರದ ತಲೆಯನ್ನು ಒಳಕ್ಕೆ ಎಳೆಯುತ್ತದೆ. ಮೈ ಹೊರಕ್ಕೆ ವಾಲಿದಷ್ಟನ್ನು ತೋಳು ಒಂದಿಷ್ಟು ಸರಿದೂಗಿಸುತ್ತದೆ. ಟೈರು ಮತ್ತೆ ಮಟ್ಟಸವಾಗಿ ನೆಲಕ್ಕೆ ಒರಗುತ್ತದೆ. ಇದರ ಜೊತೆಗೆ ಮೈ ವಾಲುವುದೂ ಸ್ವಲ್ಪ ತಗ್ಗುತ್ತದೆ. ಈ ರೇಖಾಗಣಿತವನ್ನು ರೂಪಿಸಿದವರು ಫೋರ್ಡ್ ಕಂಪನಿಯ ಎಂಜಿನಿಯರ್ ಕ್ಲಾಸ್ ಆರ್ನಿಂಗ್. ಮಾಡಬೇಕಾದದ್ದು ಇಷ್ಟೇ: ಪ್ರತಿ ಬದಿಯಲ್ಲಿ ಅಳತೆ ಹಿಡಿದು ಎರಡು ಹೊಸ ತೂತು ಕೊರೆದು, ಅದೇ ತೋಳನ್ನು ಅಲ್ಲಿಗೆ ಬೋಲ್ಟ್ ಮಾಡುವುದು. ಖರ್ಚು ಉಳಿಸಲು 1966ರ ಮಾದರಿಯ ತಯಾರಿಕೆಯ ನಡುವೆ ಕಂಪನಿ ಈ ಬದಲಾವಣೆಯನ್ನು ಕೈಬಿಟ್ಟಿತು. ಆದರೆ ಹವ್ಯಾಸಿಗಳು ಇಂದಿಗೂ ಇದನ್ನು ಮಾಡುತ್ತಿದ್ದಾರೆ. ಜಿಟಿ350 ಕಾರು 1965, 1966 ಮತ್ತು 1967ರಲ್ಲಿ ತನ್ನ ವರ್ಗದ ಅಮೆರಿಕನ್ ರಾಷ್ಟ್ರೀಯ ಪ್ರಶಸ್ತಿಯನ್ನು ಗೆದ್ದುಕೊಂಡಿತು.

ಇದರ ಮೇಲೆ ಚಕ್ರಗಳ ಅಲೈನ್‌ಮೆಂಟನ್ನೂ ಬದಲಿಸಬೇಕು. ನಿಂತಾಗಲೇ ಮುಂದಿನ ಚಕ್ರಗಳ ತಲೆ ಒಂದೂವರೆ ಎರಡು ಡಿಗ್ರಿ ಒಳಕ್ಕೆ ವಾಲಿರುವಂತೆ ಹೊಂದಿಸುತ್ತಾರೆ. ದಿನಬಳಕೆಯಲ್ಲಿ ಇದರಿಂದ ಟೈರಿನ ಒಳ ಅಂಚು ಬೇಗ ಸವೆಯುತ್ತದೆ. ತಿರುವಿನ ಹಿಡಿತಕ್ಕೆ ತೆರಬೇಕಾದ ಬೆಲೆ ಅದು.

ಸ್ಪ್ರಿಂಗು, ಶಾಕ್, ಸರಳು

ಸ್ಪ್ರಿಂಗು ಎಷ್ಟು ಗಡುಸಾಗಿರಬೇಕು? ಇದಕ್ಕೊಂದು ಸುಲಭ ಸೂತ್ರವಿದೆ. ಕಾರಿನ ಭಾರಕ್ಕೆ ಸ್ಪ್ರಿಂಗು ಎಷ್ಟು ಸೆಂಟಿಮೀಟರ್ ಕುಗ್ಗುತ್ತದೋ ಅದರ ವರ್ಗಮೂಲದಿಂದ 5ನ್ನು ಭಾಗಿಸಿದರೆ ಕಾರು ಸೆಕೆಂಡಿಗೆ ಎಷ್ಟು ಬಾರಿ ಮೇಲೆ ಕೆಳಗೆ ತೂಗಾಡುತ್ತದೆ ಎಂಬುದು ಸಿಗುತ್ತದೆ. 25 ಸೆಂ.ಮೀ. ಕುಗ್ಗಿದರೆ ಸೆಕೆಂಡಿಗೆ ಒಂದು ಬಾರಿ. ಇದು ತೊಟ್ಟಿಲಿನಂಥ ಹಾಯಾದ ಸವಾರಿ. 8 ಸೆಂ.ಮೀ. ಕುಗ್ಗಿದರೆ ಸುಮಾರು 1.75 ಬಾರಿ; ಶಂಕುಗಳ ನಡುವೆ ಎಡಬಲಕ್ಕೆ ಬೇಗ ಬೇಗ ಹೊರಳಬೇಕಾದ ಕಾರಿಗೆ ಇದು ಹೊಂದುತ್ತದೆ. ಇನ್ನೂ ಗಡುಸಾದರೆ ಉಬ್ಬುತಗ್ಗಿನ ನೆಲದಲ್ಲಿ ಟೈರು ಪುಟಿದು ಹಿಡಿತ ಬಿಡುತ್ತದೆ. ಈ ತೂಗಾಟವನ್ನು ತಡೆಯುವುದು ಶಾಕ್ ಅಬ್ಸಾರ್ಬರಿನ ಕೆಲಸ. ಸ್ಪ್ರಿಂಗು ಬದಲಿಸಿ ಹಳೆಯ ಶಾಕನ್ನೇ ಉಳಿಸಿಕೊಂಡರೆ ಪ್ರಯೋಜನವಿಲ್ಲ.

ಎಡಬಲ ಚಕ್ರಗಳನ್ನು ಕೂಡಿಸುವ ಅಡ್ಡ ಸರಳೊಂದು ಮೈ ವಾಲುವುದನ್ನು ತಡೆಯುತ್ತದೆ. ಇದರ ಹೆಸರು ಆಂಟಿ ರೋಲ್ ಬಾರ್. ಇದರ ಬಿಗುವು ವ್ಯಾಸದ ನಾಲ್ಕನೇ ಘಾತಕ್ಕೆ ಅನುಲೋಮ. 18 ಮಿ.ಮೀ. ಸರಳಿನ ಬದಲು 27 ಮಿ.ಮೀ. ಸರಳು ಹಾಕಿದರೆ ಬಿಗುವು ಐದು ಪಟ್ಟು! ಮುಂದಿನ ಸರಳನ್ನು ಬಿಗಿಗೊಳಿಸಿದರೆ ಭಾರದ ಓಡಾಟದಲ್ಲಿ ಮುಂದಿನ ಆಕ್ಸಲಿನ ಪಾಲು ಹೆಚ್ಚುತ್ತದೆ. ಹಿಂದಿನದನ್ನು ಬಿಗಿಗೊಳಿಸಿದರೆ ಹಿಂದಿನ ಪಾಲು ಹೆಚ್ಚುತ್ತದೆ. ಹೆಚ್ಚು ಪಾಲು ಹೊತ್ತ ಕಡೆಯ ಟೈರುಗಳು ಮೊದಲು ಜಾರುತ್ತವೆ. ಕಾರಿನ ಮೂಗು ಜಾರಬೇಕೋ ಬಾಲ ಜಾರಬೇಕೋ ಎಂಬುದನ್ನು ಈ ಸರಳುಗಳಿಂದ ತಿದ್ದಬಹುದು.

ಹಿಂದಿನ ಇಡಿಯಾದ ಆಕ್ಸಲನ್ನು ಹಳೆಯ ಕಾಲದ್ದೆಂದು ಹೀಗಳೆಯಬೇಕಿಲ್ಲ. ಮೈ ವಾಲಿದರೂ ಅದರ ಎರಡು ಚಕ್ರಗಳು ನೆಲಕ್ಕೆ ನೆಟ್ಟಗೇ ನಿಲ್ಲುತ್ತವೆ. ತೊಂದರೆ ಬೇರೆಡೆ ಇದೆ. ಎಂಜಿನ್ನಿನ ತಿರುಚುಬಲಕ್ಕೆ ಕಮಾನುಪಟ್ಟಿಗಳು ‘ಎಸ್’ ಅಕ್ಷರದಂತೆ ಬಾಗಿ, ಬಿಟ್ಟು, ಮತ್ತೆ ಬಾಗಿ ಚಕ್ರಗಳು ಕುಪ್ಪಳಿಸುತ್ತವೆ. ಇದನ್ನು ತಡೆಯಲು ಆಕ್ಸಲಿನಿಂದ ಮೈಗೆ ಹಿಡಿಕೋಲುಗಳನ್ನು ಜೋಡಿಸುತ್ತಾರೆ; ಶೆಲ್ಬಿ ಕಂಪನಿಯೂ ಜೋಡಿಸಿತ್ತು. ಇನ್ನೊಂದು ತೊಂದರೆ ಸಾದಾ ಡಿಫರೆನ್ಷಿಯಲಿನದು. ತಿರುವಿನಲ್ಲಿ ಹಗುರಾದ ಒಳಚಕ್ರ ಸುಮ್ಮನೆ ಗರಗರ ತಿರುಗಿ ಶಕ್ತಿಯೆಲ್ಲ ಹೊಗೆಯಾಗುತ್ತದೆ. ಒಂದು ಚಕ್ರ ಜಾರಿದರೆ ಇನ್ನೊಂದಕ್ಕೂ ಬಲ ಕಳಿಸುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇಲ್ಲಿ ಬೇಕು.

ಸ್ಟಿಯರಿಂಗ್ ಮತ್ತು ಬ್ರೇಕು

ಹಳೆಯ ಸ್ಟಿಯರಿಂಗಿನಲ್ಲಿ ಚಕ್ರವನ್ನು 1 ಡಿಗ್ರಿ ತಿರುಗಿಸಲು ಕೈಚಕ್ರವನ್ನು ಸುಮಾರು 24 ಡಿಗ್ರಿ ತಿರುಗಿಸಬೇಕೆಂದುಕೊಳ್ಳಿ. ಚಕ್ರ 20 ಡಿಗ್ರಿ ಹೊರಳಬೇಕಾದರೆ ಕೈಚಕ್ರ 480 ಡಿಗ್ರಿ, ಅಂದರೆ ಒಂದೂಕಾಲು ಸುತ್ತಿಗಿಂತ ಹೆಚ್ಚು ತಿರುಗಬೇಕು. ಅಷ್ಟರಲ್ಲಿ ಶಂಕು ಉರುಳಿರುತ್ತದೆ! ಅನುಪಾತವನ್ನು 13ಕ್ಕೆ ಇಳಿಸಿದರೆ 260 ಡಿಗ್ರಿ ಸಾಕು. ಕೈಗೆ ಭಾರವಾಗುವುದರಿಂದ ಆಗ ಪವರ್ ಸ್ಟಿಯರಿಂಗಿನ ನೆರವು ಬೇಕಾಗುತ್ತದೆ.

ಗಂಟೆಗೆ 90 ಕಿ.ಮೀ. ವೇಗದಲ್ಲಿರುವ 1,400 ಕಿಲೋಗ್ರಾಂ ಕಾರಿನ ಚಲನಶಕ್ತಿ ಸುಮಾರು 4,37,500 ಜೂಲ್. ನಿಲ್ಲಿಸುವಾಗ ಇದೆಲ್ಲ ಶಾಖವಾಗಬೇಕು. ಮುಚ್ಚಿದ ಡ್ರಮ್ಮಿಗಿಂತ ಗಾಳಿಗೆ ತೆರೆದ ಡಿಸ್ಕು ಶಾಖವನ್ನು ಬೇಗ ಬಿಡುತ್ತದೆ; ಎರಡೂ ಬದಿ ಸಮನಾಗಿ ಹಿಡಿಯುತ್ತದೆ. ಆದ್ದರಿಂದ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು ಅತ್ಯಗತ್ಯ.

ಎಣ್ಣೆಯೂ ವಾಲುತ್ತದೆ

ಮರೆತುಹೋಗುವ ಒಂದು ಸಂಗತಿ ಎಂಜಿನ್ನಿನ ಎಣ್ಣೆ. ಅಡ್ಡ ವೇಗೋತ್ಕರ್ಷ ಗುರುತ್ವದಷ್ಟೇ ಆದಾಗ ದ್ರವದ ಮೇಲ್ಮೈ 45 ಡಿಗ್ರಿ ಓರೆಯಾಗುತ್ತದೆ. ಉದ್ದನೆಯ ತಿರುವಿನಲ್ಲಿ ತಳದ ಎಣ್ಣೆಯೆಲ್ಲ ಒಂದು ಬದಿಗೇರಿ, ಪಂಪಿನ ಬಾಯಿ ಗಾಳಿ ಹೀರುತ್ತದೆ. ಎಣ್ಣೆ ಸಿಗದ ಬೇರಿಂಗುಗಳು ಕೆಲವೇ ಕ್ಷಣಗಳಲ್ಲಿ ಹಾಳಾಗಬಹುದು. ಟೈರಿನ ಹಿಡಿತ ಹೆಚ್ಚಿದಷ್ಟೂ ಈ ಅಪಾಯ ಹೆಚ್ಚು. ಎಣ್ಣೆ ತೊಟ್ಟಿಯೊಳಗೆ ತಡೆಗೋಡೆಗಳನ್ನು ಹಾಕುವುದು ಇದಕ್ಕೆ ಪರಿಹಾರ. ಕಾರ್ಬ್ಯುರೇಟರಿನ ಬಟ್ಟಲಿನಲ್ಲಿರುವ ಪೆಟ್ರೋಲೂ ಹೀಗೇ ವಾಲಿ ಎಂಜಿನ್ ಮುಗ್ಗರಿಸುತ್ತದೆ. ಅನೇಕರು ಕಾರ್ಬ್ಯುರೇಟರ್ ತೆಗೆದು ಇಂಧನ ಚಿಮ್ಮಿಸುವ ವ್ಯವಸ್ಥೆ ಅಳವಡಿಸಲು ಇದೂ ಒಂದು ಕಾರಣ.

ಕೆಲಸದ ಕ್ರಮ

ಇಷ್ಟೆಲ್ಲ ಬದಲಾವಣೆಗಳಲ್ಲಿ ಯಾವುದು ಮೊದಲು? ಅನುಸರಿಸಬಹುದಾದ ಕ್ರಮ ಹೀಗಿದೆ.

1. ತುಕ್ಕು ಮತ್ತು ಸುರಕ್ಷತೆ. ಕಾರಿನ ತಳ, ಸ್ಪ್ರಿಂಗು ಹಿಡಿದ ಜಾಗಗಳು, ಬ್ರೇಕಿನ ನಳಿಗೆಗಳು ಗಟ್ಟಿಯಾಗಿವೆಯೇ ನೋಡಬೇಕು. 1967ರ ಮೊದಲಿನ ಬಹುತೇಕ ಅಮೆರಿಕನ್ ಕಾರುಗಳಲ್ಲಿ ಬ್ರೇಕಿನ ಮಾಸ್ಟರ್ ಸಿಲಿಂಡರಿಗೆ ಒಂದೇ ಕೋಣೆ. ಎಲ್ಲಿ ಸೋರಿದರೂ ನಾಲ್ಕೂ ಚಕ್ರದ ಬ್ರೇಕು ಹೋಗುತ್ತದೆ. ಎರಡು ಕೋಣೆಯದನ್ನು ಹಾಕಬೇಕು. 1965ರ ಮಸ್ಟಾಂಗಿನಲ್ಲಿ ಭುಜದ ಬೆಲ್ಟು ಇಲ್ಲ, ಡಿಕ್ಕಿಯಾದರೆ ಕುಸಿಯುವ ಸ್ಟಿಯರಿಂಗ್ ಕಂಬವಿಲ್ಲ. ಹಿಂದಿನ ಡಿಕ್ಕಿಯ ನೆಲವೇ ಪೆಟ್ರೋಲ್ ಟ್ಯಾಂಕಿನ ಮೇಲ್ಭಾಗ. ಡಿಕ್ಕಿಗೂ ಆಸನಗಳಿಗೂ ನಡುವೆ ಉಕ್ಕಿನ ತಗಡಿನ ಗೋಡೆ ಹಾಕುವುದು ಒಳ್ಳೆಯದು.

2. ಮೈಯ ಬಿಗುವು. ಸ್ಪ್ರಿಂಗಿಗಿಂತ ಮೊದಲು ಕಾರಿನ ಮೈಯೇ ತಿರುಚಿಕೊಂಡರೆ ಅಲೈನ್‌ಮೆಂಟಿಗೆ ಅರ್ಥವಿಲ್ಲ. ಮುಂದಿನ ಸ್ಪ್ರಿಂಗು ಗೋಪುರಗಳನ್ನು ಕೂಡಿಸುವ ಅಡ್ಡಪಟ್ಟಿ, ತಳದಲ್ಲಿ ಮುಂಭಾಗ ಹಿಂಭಾಗಗಳನ್ನು ಬೆಸೆಯುವ ಉಕ್ಕಿನ ಕೊಳವೆ ಹಾಕುತ್ತಾರೆ.

3. ಟೈರು, ಮೇಲಿನ ತೋಳಿನ ಒಂದು ಅಂಗುಲ, ಅಲೈನ್‌ಮೆಂಟ್.

4. ಡಿಸ್ಕ್ ಬ್ರೇಕು ಮತ್ತು ಚುರುಕಾದ ಸ್ಟಿಯರಿಂಗ್.

5. ಸ್ಪ್ರಿಂಗು, ಶಾಕ್, ಅಡ್ಡ ಸರಳು, ಡಿಫರೆನ್ಷಿಯಲ್, ಎಣ್ಣೆ ತೊಟ್ಟಿ.

6. ಎಲ್ಲ ಮುಗಿದ ಮೇಲೆ, ಹಣ ಉಳಿದಿದ್ದರೆ ಎಂಜಿನ್.

ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ, ಓಡಿಸಿ, ಫಲ ಬರೆದುಕೊಳ್ಳಬೇಕು. ಮೂರನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಒಳ್ಳೆಯದಾಯಿತು, ಯಾವುದರಿಂದ ಕೆಟ್ಟಿತು ಎಂದು ತಿಳಿಯುವುದಿಲ್ಲ. ಅಳೆಯಲು ದುಬಾರಿ ಉಪಕರಣ ಬೇಕಿಲ್ಲ. ಟೈರಿನ ಭುಜಕ್ಕೆ ಸೀಮೆಸುಣ್ಣದ ಗೆರೆ ಎಳೆದು ಒಂದು ಓಟ ಓಡಿಸಿ; ಗೆರೆ ಎಲ್ಲಿಯವರೆಗೆ ಅಳಿಸಿದೆ ಎಂಬುದರಿಂದ ಟೈರು ಎಷ್ಟು ಮಗ್ಗುಲಾಗುತ್ತಿದೆ ಎಂದು ಗೊತ್ತಾಗುತ್ತದೆ. ಗೆರೆ ಪೂರ್ತಿ ಅಳಿಸಿದ್ದರೆ ಗಾಳಿ ಕಡಿಮೆ ಇದೆ ಅಥವಾ ಚಕ್ರ ಹೊರಕ್ಕೆ ವಾಲುತ್ತಿದೆ. ಗೆರೆ ಹಾಗೇ ಉಳಿದಿದ್ದರೆ ಗಾಳಿ ಹೆಚ್ಚಾಗಿದೆ. ಬಿಚ್ಚಿದ ಹಳೆಯ ಭಾಗಗಳನ್ನು ಗುರುತುಚೀಟಿ ಕಟ್ಟಿ ಎತ್ತಿಡುವುದೂ ಮುಖ್ಯ. ಅರುವತ್ತು ವರ್ಷ ಬಾಳಿದ ಕಾರನ್ನು ಮುಂದೊಂದು ದಿನ ಯಾರಾದರೂ ಮೂಲರೂಪಕ್ಕೆ ತರಬಯಸಬಹುದು.

ಈ ಕಾರುಗಳು ದೂರದ ದೇಶದವು. ಆದರೆ ಇಲ್ಲಿ ನೋಡಿದ ಸೂತ್ರಗಳಿಗೆ ದೇಶವಿಲ್ಲ. ಟಾಪಿನ ಮೇಲೆ ಮೂಟೆ ಹೇರಿದ ಜೀಪು ಘಾಟಿಯ ತಿರುವಿನಲ್ಲಿ ಮಗುಚುವುದು ಗುರುತ್ವ ಕೇಂದ್ರ ಮೇಲೇರಿದ್ದರಿಂದ. ಸವೆದ ಶಾಕ್, ಒಂದು ಕಡೆ ತಿಂದುಹೋದ ಟೈರು, ಗಾಳಿ ಕಡಿಮೆಯಾದ ಚಕ್ರ ಇವೆಲ್ಲವೂ ಆ ಒಂದು ಫುಲ್‌ಸ್ಕೇಪ್ ಹಾಳೆಯಷ್ಟು ಜಾಗವನ್ನು ಇನ್ನೂ ಕಿರಿದಾಗಿಸುತ್ತವೆ. ಮುಂದಿನ ಬಾರಿ ವಾಹನ ಹತ್ತುವ ಮುನ್ನ ಅದರ ಎಂಜಿನ್ ಎಷ್ಟು ಸಿ.ಸಿ. ಎಂದು ಕೇಳುವುದರ ಜೊತೆಗೆ, ಒಮ್ಮೆ ಬಗ್ಗಿ ಟೈರಿನ ಕಡೆಗೂ ನೋಡಿ.